ಕಟ್ಟಡದ ಪಹಣಿ

ಬೆಂಗಳೂರಿನ ಹೊರವರ್ತುಲ ರಸ್ತೆಯ ಯಾವುದಾದರೂ ದೊಡ್ಡ ಕಚೇರಿಯಲ್ಲಿ ಕುಳಿತು ಇದನ್ನು ಓದುತ್ತಿದ್ದರೆ ಒಮ್ಮೆ ತಲೆಯೆತ್ತಿ ನೋಡಿ. ಬಿಳಿ ಚೌಕಗಳ ಫಾಲ್ಸ್ ಸೀಲಿಂಗ್ ಕಾಣುತ್ತದೆ. ಅದರಲ್ಲೊಂದು ಚೌಕವನ್ನು ಎತ್ತಿ ಸರಿಸಿದರೆ ಮೇಲಿನ ಕತ್ತಲಲ್ಲಿ ತಗಡಿನ ದೊಡ್ಡ ಗಾಳಿಕೊಳವೆ, ಅದರಿಂದ ಕವಲೊಡೆದ ಸಣ್ಣ ಕೊಳವೆ, ಕವಲಿನಲ್ಲೊಂದು ಪೆಟ್ಟಿಗೆ, ಪೆಟ್ಟಿಗೆಯ ಪಕ್ಕಕ್ಕೆ ಟಿಫನ್ ಡಬ್ಬಿಯಷ್ಟು ದೊಡ್ಡ ಕಂಟ್ರೋಲರ್. ಕಸುಬಿನವರು ಆ ಪೆಟ್ಟಿಗೆಯನ್ನು ವಿಎವಿ ಬಾಕ್ಸ್ ಎನ್ನುತ್ತಾರೆ. ಒಳಗೊಂದು ತಿರುಗುವ ತಗಡಿನ ಬಾಗಿಲಿದೆ. ಕೋಣೆ ಬಿಸಿಯಾಗಿದೆ ಎಂದು ಗೋಡೆಯ ಮೇಲಿನ ಸೆನ್ಸರ್ ಹೇಳಿದರೆ ಆ ಬಾಗಿಲು ತೆರೆದುಕೊಂಡು ತಣ್ಣನೆಯ ಗಾಳಿಯನ್ನು ಹೆಚ್ಚು ಬಿಡುತ್ತದೆ, ತಣ್ಣಗಾಯಿತು ಎಂದರೆ ಮುಚ್ಚಿಕೊಳ್ಳುತ್ತದೆ.

ಕಾರ್ಖಾನೆಯಿಂದ ಬಂದ ದಿನ ಈ ಕಂಟ್ರೋಲರ್‌ಗೆ ಏನೂ ಗೊತ್ತಿರುವುದಿಲ್ಲ. ತಾನು ಎಷ್ಟನೇ ಮಹಡಿಯಲ್ಲಿದ್ದೇನೆ, ತನ್ನ ಹೆಸರೇನು, ಕೋಣೆಯಲ್ಲಿ ಕೂರುವವರು ಇಬ್ಬರೋ ಇಪ್ಪತ್ತು ಜನವೋ, ಕೊಳವೆಯ ಬಾಯಿ ಆರಿಂಚೋ ಹತ್ತಿಂಚೋ, ಎಲ್ಲವನ್ನೂ ಯಾರಾದರೂ ಹೇಳಿಕೊಡಬೇಕು. ಎಂಟು ಮಹಡಿಯ ಕಟ್ಟಡ, ಮಹಡಿಗೆ ನಲವತ್ತು ಪೆಟ್ಟಿಗೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಒಟ್ಟು 320 ಕಂಟ್ರೋಲರ್. ಒಂದೊಂದಕ್ಕೆ ಹದಿನೆಂಟು ಸಂಗತಿ ಹೇಳಬೇಕಾದರೆ 5,760 ನಮೂದು. ಒಬ್ಬ ಟೆಕ್ನಿಷಿಯನ್ ಲ್ಯಾಪ್‌ಟಾಪ್ ಹಿಡಿದು ಒಂದೊಂದಕ್ಕೂ ಹನ್ನೆರಡು ನಿಮಿಷ ಕೊಟ್ಟರೆ 64 ಗಂಟೆ, ಅಂದರೆ ದಿನಕ್ಕೆ ಎಂಟು ಗಂಟೆಯಂತೆ ಎಂಟು ದಿನ. ಇದು ಗಾಳಿಯ ಪೆಟ್ಟಿಗೆಯ ಲೆಕ್ಕ ಮಾತ್ರ. ದೀಪಗಳು, ವಿದ್ಯುತ್ ಮೀಟರ್‌ಗಳು, ಪಂಪುಗಳು ಇನ್ನೂ ಬಾಕಿ. ಅದಕ್ಕಿಂತ ಮುಖ್ಯವಾಗಿ, ಐದನೇ ದಿನದ ಮಧ್ಯಾಹ್ನ ಇನ್ನೂರನೆಯ ಪೆಟ್ಟಿಗೆಗೆ ಅಂಕಿ ಒತ್ತುತ್ತಿರುವವನ ಕಣ್ಣು ತಪ್ಪದೆ ಇರಲು ಸಾಧ್ಯವೇ ಇಲ್ಲ.

ಹಾಗಾಗಿ ಈ ಕಸುಬಿನವರು ಬಹಳ ಹಿಂದೆಯೇ ಎಕ್ಸೆಲ್ ಹಾಳೆಯ ಮೊರೆಹೋದರು. ಒಂದು ಸಾಧನಕ್ಕೆ ಒಂದು ಸಾಲು, ಒಂದು ಸಂಗತಿಗೆ ಒಂದು ಕಾಲಂ. ಹೆಸರು, ಮಹಡಿ, ವಿಳಾಸ, ಬೇಕಾದ ಉಷ್ಣತೆ, ಕನಿಷ್ಠ ಗಾಳಿ, ಗರಿಷ್ಠ ಗಾಳಿ. ಎಲ್ಲವನ್ನೂ ಮೇಜಿನ ಮುಂದೆ ಕುಳಿತು ತುಂಬಿ, ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯವಾಗಿ, ಅಂದರೆ ಸಿಎಸ್‌ವಿ ಕಡತವಾಗಿ ಉಳಿಸಿ, ಕಂಟ್ರೋಲರ್ ತಯಾರಕರ ತಂತ್ರಾಂಶಕ್ಕೆ ಕೊಟ್ಟರೆ ಅದು ಸಾಲು ಸಾಲಾಗಿ ಓದಿ ಆಯಾ ಸಾಧನಕ್ಕೆ ಬರೆಯುತ್ತಾ ಹೋಗುತ್ತದೆ. ವಾರದ ಕೆಲಸ ಒಂದು ಸಂಜೆಗೆ ಇಳಿಯುತ್ತದೆ.

ಇಂಥ ಹಾಳೆ ಬರೆಯುವ ಮೊದಲ ಜನಪ್ರಿಯ ಸ್ಪ್ರೆಡ್‌ಶೀಟ್ ತಂತ್ರಾಂಶವಾದ ವಿಸಿಕ್ಯಾಲ್ಕ್, ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಅವರ ಕೈಯಿಂದ ಆಪಲ್ 2 ಕಂಪ್ಯೂಟರಿಗೆ ಬಂದದ್ದು 1979ರಲ್ಲಿ. ಯಂತ್ರಗಳು ಒಂದರೊಡನೊಂದು ಮಾತಾಡಲು ಮೋಡಿಕಾನ್ ಕಂಪನಿ ಮೋಡ್‌ಬಸ್ ಎಂಬ ಭಾಷೆಯನ್ನು ಹೊರತಂದದ್ದೂ ಅದೇ ವರ್ಷ. ಇವತ್ತಿಗೂ ನಮ್ಮ ಕಟ್ಟಡಗಳ ಎಷ್ಟೋ ವಿದ್ಯುತ್ ಮೀಟರ್‌ಗಳು ಮೋಡ್‌ಬಸ್‌ನಲ್ಲೇ ಮಾತಾಡುತ್ತವೆ. ಕಟ್ಟಡಗಳಿಗೆಂದೇ ಹುಟ್ಟಿದ ಬ್ಯಾಕ್‌ನೆಟ್ ಎಂಬ ಭಾಷೆಯ ಕೆಲಸವನ್ನು ಅಮೆರಿಕದ ಹವಾನಿಯಂತ್ರಣ ಎಂಜಿನಿಯರುಗಳ ಸಂಘ ಆಶ್ರೇ 1987ರಲ್ಲಿ ಶುರುಮಾಡಿ 1995ರಲ್ಲಿ ಪ್ರಕಟಿಸಿತು. ಬೇರೆ ಬೇರೆ ಕಂಪನಿಗಳ ಸಾಧನಗಳು ಒಂದೇ ಕಟ್ಟಡದಲ್ಲಿ ಹೊಂದಿಕೊಂಡು ಬಾಳುವುದು ಅದರಿಂದ ಸಾಧ್ಯವಾಯಿತು. ಆಮೇಲೆ ಯುರೋಪಿನ ಬ್ಯಾಕ್‌ನೆಟ್ ಬಳಗದವರು ಇಡಿಇ ಎಂಬ ಕಡತದ ಮಾದರಿ ಮಾಡಿದರು. ಅದನ್ನು ತೆರೆದು ನೋಡಿದರೆ ಅದೂ ಒಂದು ಹಾಳೆಯೇ! ಒಂದೊಂದು ಸಾಲಿನಲ್ಲಿ ಸಾಧನದ ಸಂಖ್ಯೆ, ವಸ್ತುವಿನ ಹೆಸರು, ಅದರ ಬಗೆ, ವಿವರಣೆ, ಕನಿಷ್ಠ, ಗರಿಷ್ಠ, ಅಳತೆಯ ಮಾನ. ಕಟ್ಟಡ ಕಟ್ಟುವವರು ಎಲ್ಲಿಗೆ ಹೋದರೂ ಕೊನೆಗೆ ಸಾಲು ಮತ್ತು ಕಾಲಮ್ಮಿಗೇ ಬಂದು ನಿಲ್ಲುತ್ತಾರೆ.

ನಾನು ಈ ಹಾಳೆಯನ್ನು ಕಟ್ಟಡದ ಪಹಣಿ ಎಂದು ಕರೆಯುತ್ತೇನೆ. ಹಳ್ಳಿಯಲ್ಲಿ ಬೆಳೆದವರಿಗೆ ಈ ಹೋಲಿಕೆಯ ತೂಕ ತಟ್ಟನೆ ತಿಳಿಯುತ್ತದೆ. ಹೊಲ ಹೊಲವೇ, ಪಹಣಿ ಬರೀ ಕಾಗದ. ಆದರೆ ಒಂಬತ್ತನೆಯ ಕಾಲಮ್ಮಿನಲ್ಲಿ ಹೆಸರು ತಪ್ಪಾಗಿ ಕೂತರೆ ಸಾಲ ಹುಟ್ಟುವುದಿಲ್ಲ, ಬೆಳೆವಿಮೆ ಬರುವುದಿಲ್ಲ, ತಾಲ್ಲೂಕು ಕಚೇರಿಗೆ ಅಲೆದು ಚಪ್ಪಲಿ ಸವೆಯುತ್ತದೆ. ನೆಲದ ಮೇಲಿನ ಬಾಂದುಕಲ್ಲಿಗೂ ಕಾಗದದ ಮೇಲಿನ ಸರ್ವೆ ನಂಬರಿಗೂ ತಾಳೆಯಾಗದಿದ್ದರೆ ತೊಂದರೆ ತಪ್ಪಿದ್ದಲ್ಲ. ಸೀಲಿಂಗ್ ಮೇಲಿನ ಪೆಟ್ಟಿಗೆಗೂ ಹಾಳೆಯ ಸಾಲಿಗೂ ಇರುವ ಸಂಬಂಧ ಥೇಟ್ ಇದೇ.

ವಿಳಾಸದ ವಿಷಯದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಒಂದು ಮಹಡಿಯ ಪೆಟ್ಟಿಗೆಗಳನ್ನೆಲ್ಲ ಒಂದೇ ಜೋಡಿ ತಂತಿಯಲ್ಲಿ ಸರಪಳಿಯಂತೆ ಪೋಣಿಸುತ್ತಾರೆ. ಆ ತಂತಿಯ ಮೇಲೆ ಪ್ರತಿಯೊಂದಕ್ಕೂ ಒಂದು ಸಣ್ಣ ಸಂಖ್ಯೆ ಇರುತ್ತದೆ. ಬ್ಯಾಕ್‌ನೆಟ್‌ನ ಎಂಎಸ್‌ಟಿಪಿ ತಂತಿಯಲ್ಲಿ ತಾನಾಗಿ ಮಾತು ಶುರುಮಾಡಬಲ್ಲ ಸಾಧನಗಳಿಗೆ ಇದು 0ರಿಂದ 127ರ ಒಳಗೆ. ಐದನೇ ಮಹಡಿಯಲ್ಲೂ 23 ಇರಬಹುದು, ಆರನೇ ಮಹಡಿಯಲ್ಲೂ 23 ಇರಬಹುದು. ಪ್ರತಿ ಬೀದಿಯಲ್ಲೂ 23ನೇ ನಂಬರಿನ ಮನೆ ಇರುವ ಹಾಗೆ. ಇದರ ಜೊತೆಗೆ ಇಡೀ ಕಟ್ಟಡಕ್ಕೆ ಒಂದೇ ಇರಬೇಕಾದ ಸಾಧನ ಸಂಖ್ಯೆಯೊಂದಿದೆ. ಅದು ಆಧಾರ್ ಸಂಖ್ಯೆಯ ಹಾಗೆ, ಎರಡು ಕಡೆ ಬರುವಂತಿಲ್ಲ. 0ಯಿಂದ 41,94,302ರವರೆಗೆ ಯಾವುದನ್ನು ಬೇಕಾದರೂ ಕೊಡಬಹುದು. ಅನುಭವಸ್ಥರು ಇದನ್ನು ಕೈಯಿಂದ ತುಂಬುವುದೇ ಇಲ್ಲ. ಮಹಡಿಯನ್ನು ಸಾವಿರದಿಂದ ಗುಣಿಸಿ ತಂತಿಯ ವಿಳಾಸ ಕೂಡಿಸುವ ಸೂತ್ರ ಬರೆದುಬಿಡುತ್ತಾರೆ. ಐದನೇ ಮಹಡಿಯ 23 ಎಂದರೆ 5023. ಸಂಖ್ಯೆ ನೋಡಿದೊಡನೆ ಏಣಿ ಯಾವ ಮಹಡಿಗೆ ಒಯ್ಯಬೇಕು ಎಂದು ತಿಳಿಯುತ್ತದೆ.

ಎರಡು ಸಾಧನಗಳಿಗೆ ಒಂದೇ ಸಂಖ್ಯೆ ಬಿದ್ದರೆ? ಬ್ಯಾಕ್‌ನೆಟ್‌ನಲ್ಲಿ ಹಾಜರಿ ಕೂಗುವ ಒಂದು ಕ್ರಮವಿದೆ. 'ಯಾರಿದ್ದೀರಿ' ಎಂಬ ಅರ್ಥದ ಹೂ-ಈಸ್ ಎಂದು ಒಂದು ಸಾಧನ ಕೇಳಿದರೆ, ಉಳಿದವು ತಮ್ಮ ಸಂಖ್ಯೆ ಹೇಳಿ ಐ-ಆಮ್ ಎನ್ನುತ್ತವೆ. ತರಗತಿಯಲ್ಲಿ ಇಬ್ಬರು ಮಕ್ಕಳಿಗೆ ಒಂದೇ ರೋಲ್ ನಂಬರ್ ಕೊಟ್ಟರೆ ಏನಾದೀತೋ ಇಲ್ಲಿಯೂ ಅದೇ. ಕೇಂದ್ರದ ಕಂಪ್ಯೂಟರ್ ಒಮ್ಮೆ ಇದರ ಉತ್ತರ ಹಿಡಿಯುತ್ತದೆ, ಇನ್ನೊಮ್ಮೆ ಅದರದು. ಪರದೆಯ ಮೇಲೆ ಕೋಣೆಯ ಉಷ್ಣತೆ ಕಾರಣವಿಲ್ಲದೆ ಜಿಗಿದಾಡುತ್ತದೆ. ಸೆನ್ಸರ್ ಕೆಟ್ಟಿದೆ ಎಂದು ಹೊಸದನ್ನು ತರಿಸುತ್ತಾರೆ, ಅದೂ ಹಾಗೇ ಜಿಗಿಯುತ್ತದೆ. ಹಾಳೆಯಲ್ಲಿ ಸಂಖ್ಯೆಯ ಕಾಲಮ್ಮಿಗೆ 'ಎರಡು ಸಲ ಬಂದದ್ದನ್ನು ಕೆಂಪು ಮಾಡು' ಎಂದು ಮೊದಲೇ ನಿಯಮ ಇಟ್ಟಿದ್ದರೆ ಈ ವಾರಗಳ ಪರದಾಟ ಅರ್ಧ ನಿಮಿಷದಲ್ಲಿ ಮುಗಿಯುತ್ತಿತ್ತು.

ಎಕ್ಸೆಲ್ ಹುಟ್ಟಿದ್ದು ಲೆಕ್ಕಪತ್ರಕ್ಕಾಗಿ. ಕಟ್ಟಡದ ಹೆಸರುಗಳು ಅದಕ್ಕೆ ತಿಳಿಯವು. ಮೂರನೇ ಮಹಡಿಯ ಹನ್ನೆರಡನೇ ಪೆಟ್ಟಿಗೆ ಎಂದು ನೀವು 3-12 ಬರೆದರೆ ಅದು ಡಿಸೆಂಬರ್ 3 ಎಂದುಕೊಳ್ಳುತ್ತದೆ. 0507 ಎಂದರೆ ಮುಂದಿನ ಸೊನ್ನೆ ನುಂಗಿ 507 ಮಾಡುತ್ತದೆ. ಎಲ್ಲಕ್ಕಿಂತ ಮೋಸದ್ದು ಪೂರ್ವ ದಿಕ್ಕಿನದು. ಐದನೇ ಮಹಡಿ, ಪೂರ್ವ ಭಾಗ, ಹನ್ನೆರಡನೇ ಪೆಟ್ಟಿಗೆ ಎಂದು ಇಂಗ್ಲಿಷ್ ಅಕ್ಷರದಲ್ಲಿ 5ಇ12 ಬರೆದರೆ ಅದನ್ನು ಐದರ ಮುಂದೆ ಹನ್ನೆರಡು ಸೊನ್ನೆ ಎಂಬ ವೈಜ್ಞಾನಿಕ ಸಂಖ್ಯೆಯಾಗಿ ಓದುತ್ತದೆ. ಪಶ್ಚಿಮ, ಉತ್ತರ, ದಕ್ಷಿಣದ ಪೆಟ್ಟಿಗೆಗಳೆಲ್ಲ ಸರಿಯಿದ್ದು ಪೂರ್ವದವು ಮಾತ್ರ ಹಾಳಾಗುತ್ತವೆ. ಜೀವವಿಜ್ಞಾನಿಗಳೂ ಇದೇ ಪಾಡು ಪಟ್ಟವರು. ಮಾರ್ಚ್1, ಸೆಪ್ಟ್1 ಎಂಬ ಜೀನ್‌ಗಳ ಹೆಸರನ್ನು ಎಕ್ಸೆಲ್ ತಾರೀಖು ಮಾಡಿಬಿಡುತ್ತಿದ್ದುದರಿಂದ ಜೀನ್‌ಗಳಿಗೆ ಹೆಸರಿಡುವ ಅಂತಾರಾಷ್ಟ್ರೀಯ ಸಮಿತಿ ಕೊನೆಗೆ ಆ ಜೀನ್‌ಗಳಿಗೇ ಬೇರೆ ಹೆಸರು ಕೊಟ್ಟಿತು. ಅದಕ್ಕೆ ಸಂಬಂಧಿಸಿದ ಮಾರ್ಗಸೂಚಿಯನ್ನು 2020ರಲ್ಲಿ ಪ್ರಕಟಿಸಿತು. ನಮ್ಮಲ್ಲಿ ಅಷ್ಟು ದೂರ ಹೋಗಬೇಕಿಲ್ಲ. ಹೆಸರಿನ ಕಾಲಮ್ಮನ್ನು ಮೊದಲೇ ಪಠ್ಯ ಎಂದು ನಿಗದಿ ಮಾಡಿ, ಹೆಸರನ್ನು ಅಂಕಿಯಿಂದಲ್ಲದೆ ಅಕ್ಷರದಿಂದ ಶುರುಮಾಡಿದರೆ ಸಾಕು.

ಕನ್ನಡದಲ್ಲಿ ಹೆಸರು ಬರೆಯುವವರಿಗೆ ಇನ್ನೊಂದು ಎಚ್ಚರಿಕೆ. ವಿವರಣೆಯ ಕಾಲಮ್ಮಿನಲ್ಲಿ 'ಸಭಾಂಗಣ', 'ಗ್ರಂಥಾಲಯ' ಎಂದು ಬರೆದ ಸಿಎಸ್‌ವಿ ಕಡತವನ್ನು ಯುಟಿಎಫ್-8 ಗುರುತಿಲ್ಲದೆ ಉಳಿಸಿ, ಎಕ್ಸೆಲ್‌ನಲ್ಲಿ ಕ್ಲಿಕ್ ಮಾಡಿ ತೆರೆದರೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿಯಾಗಿ ಕಾಣುತ್ತದೆ. ಅದನ್ನು ಹಾಗೇ ಮತ್ತೆ ಉಳಿಸಿದರೆ ಕನ್ನಡ ಹೋದಂತೆಯೇ. ಉಳಿಸುವಾಗಲೇ ಯುಟಿಎಫ್-8 ಸಿಎಸ್‌ವಿ ಎಂಬುದನ್ನು ಆರಿಸಬೇಕು. ಹಳೆಯ ಕಂಟ್ರೋಲರ್‌ಗಳು ಇಂಗ್ಲಿಷ್ ಅಕ್ಷರವನ್ನಷ್ಟೇ ಬಲ್ಲವಾದ್ದರಿಂದ ಸಾಧನದ ಹೆಸರು ಇಂಗ್ಲಿಷ್‌ನಲ್ಲಿದ್ದು, ಕೆಲಸದವರು ಓದುವ ಕಾಲಂ ಕನ್ನಡದಲ್ಲಿರುವುದು ಒಳ್ಳೆಯದು. ಆ ಕಾಲಂ ಇರಲೇಬೇಕೆಂದು ನನ್ನ ಆಗ್ರಹ. ಏಣಿ ಹತ್ತುವವರು ಓದಲಾಗದ ಹಾಳೆ ಅರ್ಧ ಹಾಳೆ.

ಇನ್ನು ಎಳೆದು ತುಂಬುವ ಅಭ್ಯಾಸ. ಒಂದು ಚೌಕದಲ್ಲಿ 24 ಎಂದು ಬರೆದು ಮೂಲೆ ಹಿಡಿದು ಕೆಳಗೆಳೆದರೆ ಎಕ್ಸೆಲ್ ಎಲ್ಲದಕ್ಕೂ 24 ಕೊಡುತ್ತದೆ. ಲಿಬ್ರೆಆಫೀಸ್‌ನಲ್ಲಿ ಇದೇ ಕೆಲಸ ಮಾಡಿದರೆ 24, 25, 26 ಎಂದು ಏರುತ್ತಾ ಹೋಗುತ್ತದೆ. ನಲವತ್ತನೆಯ ಕೋಣೆಗೆ 63 ಡಿಗ್ರಿ! ಇದು ಕಣ್ಣಿಗೆ ಬೀಳುವ ತಪ್ಪು, ಯಾರಾದರೂ ಹಿಡಿಯುತ್ತಾರೆ. ಕಣ್ಣಿಗೆ ಬೀಳದ ತಪ್ಪುಗಳ ಬಗ್ಗೆ ನನಗೆ ಹೆಚ್ಚು ಭಯ. ವಿನ್ಯಾಸಕಾರರು ಗರಿಷ್ಠ ಗಾಳಿಯನ್ನು ಸೆಕೆಂಡಿಗೆ 283 ಲೀಟರ್ ಎಂದು ಕೊಟ್ಟಿರುತ್ತಾರೆ. ಸೈಟಿನ ಹಾಳೆಯಲ್ಲಿ ಆ ಕಾಲಂ ಸಿಎಫ್‌ಎಂ ಲೆಕ್ಕದಲ್ಲಿ, ಅಂದರೆ ನಿಮಿಷಕ್ಕೆ ಇಷ್ಟು ಘನ ಅಡಿ ಎಂದು ಇರುತ್ತದೆ. 600 ಎಂದು ಬರಬೇಕಾದಲ್ಲಿ 283 ಕೂತರೆ ಕೋಣೆಗೆ ಅರ್ಧಕ್ಕಿಂತ ಕಡಿಮೆ ಗಾಳಿ. ಅಂಕಿ ನೋಡಲು ಏನೂ ಅಸಹಜವಿಲ್ಲ. ಬೇಸಿಗೆ ಬಂದು, ಸಭೆಯಲ್ಲಿ ಕುಳಿತವರು ಫೈಲಿನಿಂದ ಗಾಳಿ ಬೀಸಿಕೊಳ್ಳಲು ಶುರುಮಾಡಿದಾಗಷ್ಟೇ ಅದು ಹೊರಬೀಳುವುದು. ಕಾಲಂನ ತಲೆಬರಹದಲ್ಲೇ ಅಳತೆಯ ಮಾನ ಬರೆಯದ ಹಾಳೆಯನ್ನು ಯಾರೂ ಒಪ್ಪಿಕೊಳ್ಳಬಾರದು.

ಮೋಡ್‌ಬಸ್ ಮೀಟರ್‌ಗಳದ್ದು ಒಂದರ ಅಂತರದ ಕಥೆ. ಕೈಪಿಡಿಯಲ್ಲಿ 40001 ಎಂದು ಬರೆದಿರುವ ಖಾನೆ ತಂತಿಯ ಮೇಲೆ ಹೋಗುವಾಗ 0 ಆಗಿರುತ್ತದೆ. ಹಾಳೆ ಬರೆದವರು ಒಂದರಿಂದ ಎಣಿಸಿ, ತಂತ್ರಾಂಶ ಸೊನ್ನೆಯಿಂದ ಎಣಿಸಿದರೆ ಪ್ರತಿ ಮೀಟರ್‌ನ ಪ್ರತಿ ಅಂಕಿಯೂ ಪಕ್ಕದ ಖಾನೆಯಿಂದ ಬರುತ್ತದೆ. ಒಂದು ಮೀಟರ್‌ನಲ್ಲಿ ಪರೀಕ್ಷಿಸಿದ ಮೇಲೆ ಉಳಿದವಕ್ಕೆ ಕಳಿಸಬೇಕು ಎನ್ನುವುದು ಇದಕ್ಕೇ.

ಒಂದು ಕಟ್ಟಡದಲ್ಲಿ ನಾನೇ ಕಂಡದ್ದನ್ನು ಹೇಳಬೇಕು. ಕೆಲಸವೆಲ್ಲ ಮುಗಿದು ಜನ ಬಂದು ಕೂತಾಗಿತ್ತು. ಒಂದು ಮಹಡಿಯಿಂದ ಮಾತ್ರ ದೂರಿನ ಮೇಲೆ ದೂರು. ಅಲ್ಲಿನ ಟೆಕ್ನಿಷಿಯನ್ ಹುಡುಗ ನನ್ನನ್ನು ಕರೆದುಕೊಂಡು ಹೋಗಿ, "ಸಾರ್, ಇಲ್ಲಿ ಒತ್ತಿದರೆ ಅಲ್ಲಿ ತಣ್ಣಗಾಗುತ್ತೆ, ನೀವೇ ನೋಡಿ" ಎಂದ. ನಿಜ. ಚಿಕ್ಕ ಕೋಣೆಯಲ್ಲಿ ಕೂತವರು ಚಳಿ ತಡೆಯಲಾಗದೆ ಉಷ್ಣತೆ ಏರಿಸಿದಷ್ಟೂ ಕಾರಿಡಾರಿನ ಆಚೆಯ ಕೋಣೆ ಬಿಸಿಯಾಗುತ್ತಿತ್ತು. ಅಲ್ಲಿಯವರು ಇಳಿಸಿದಷ್ಟೂ ಇನ್ನೆಲ್ಲೋ ಕೊರೆಯುತ್ತಿತ್ತು. ತಂತಿ ತಪ್ಪಾಗಿದೆ ಎಂದು ಸೀಲಿಂಗ್ ಬಿಚ್ಚಿಸಿದರು, ತಂತಿ ಸರಿಯಿತ್ತು. ಕೊನೆಗೆ ಹಾಳೆ ತೆಗೆದು ನೋಡಿದಾಗ ಗೊತ್ತಾಯಿತು: ಯಾರೋ ಕೋಣೆಯ ಹೆಸರನ್ನು ಅಕ್ಷರಕ್ರಮದಲ್ಲಿ ಜೋಡಿಸಿದ್ದರು, ಆದರೆ ಆ ಒಂದು ಕಾಲಮ್ಮನ್ನು ಮಾತ್ರ. ಪಕ್ಕದ ವಿಳಾಸಗಳು ಇದ್ದಲ್ಲೇ ಇದ್ದವು. ನಲವತ್ತು ಕೋಣೆಗಳ ಹೆಸರು ನಲವತ್ತು ಬೇರೆ ಪೆಟ್ಟಿಗೆಗಳಿಗೆ ಅಂಟಿಕೊಂಡಿತ್ತು. ಯಾವ ಅಂಕಿಯೂ ತಪ್ಪಲ್ಲ, ಯಾವ ಹೆಸರೂ ತಪ್ಪಲ್ಲ, ಅವುಗಳ ನಂಟು ಮಾತ್ರ ತಪ್ಪು. ಇದನ್ನು ಹಿಡಿಯುವ ಸೂತ್ರ ಹಾಳೆಯ ಒಳಗೆ ಇಲ್ಲ. ಹಾಳೆಯಿಂದ ಎದ್ದು ನೆಲಕ್ಕೆ ಹೋಗಿಯೇ ನೋಡಬೇಕು.

ನೆಲಕ್ಕೂ ಹಾಳೆಗೂ ಗಂಟು ಹಾಕುವ ಉಪಾಯಗಳನ್ನು ಹಳೆಯ ಕೈಗಳು ಬಲ್ಲವು. ಎಷ್ಟೋ ಕಂಟ್ರೋಲರ್‌ಗಳ ಮೇಲೆ ಸುಲಿದು ತೆಗೆಯಬಹುದಾದ ಇನ್ನೊಂದು ಬಾರ್‌ಕೋಡ್ ಚೀಟಿ ಇರುತ್ತದೆ. ಕೂರಿಸುವಾಗಲೇ ಅದನ್ನು ಸುಲಿದು ಮಹಡಿಯ ನಕ್ಷೆಯಲ್ಲಿ ಆಯಾ ಜಾಗಕ್ಕೆ ಅಂಟಿಸಬೇಕು. ಸಂಜೆ ಆ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಚೀಟಿಗಳನ್ನು ಸ್ಕ್ಯಾನ್ ಮಾಡಿದರೆ ಸಾಧನದ ಗುರುತು ನೇರ ಹಾಳೆಗೆ ಬರುತ್ತದೆ, ಕೈಯಿಂದ ಒಂದಂಕಿಯನ್ನೂ ಒತ್ತಬೇಕಿಲ್ಲ. ಇನ್ನು ಕೆಲವು ಸಾಧನಗಳಲ್ಲಿ ವಿಳಾಸವನ್ನು ಡಿಪ್ ಸ್ವಿಚ್ ಎಂಬ ಪುಟ್ಟ ಗುಂಡಿಗಳ ಸಾಲಿನಲ್ಲಿ ಕೂಡಿಸಬೇಕು. ಒಂದು, ಎರಡು, ನಾಲ್ಕು, ಎಂಟು, ಹದಿನಾರು ಎಂದು ಗುಂಡಿಗಳಿಗೆ ಬೆಲೆ. 23 ಬೇಕಾದರೆ ಹದಿನಾರು, ನಾಲ್ಕು, ಎರಡು, ಒಂದು ಇವನ್ನು ಮೇಲಕ್ಕೆತ್ತಬೇಕು. ಏಣಿಯ ಮೇಲೆ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡವನಿಗೆ ಆ ಲೆಕ್ಕ ಹಾಕಿಸಬಾರದು. ದಶಮಾಂಶವನ್ನು ದ್ವಿಮಾನ ಮಾಡುವ ಸೂತ್ರ ಎಕ್ಸೆಲ್‌ನಲ್ಲೇ ಇದೆ. ಹಾಳೆಯಲ್ಲೊಂದು ಕಾಲಂ ಸೇರಿಸಿ, ಗುಂಡಿಗಳ ಸ್ಥಾನವನ್ನು 0010111 ಎಂದು ಮುದ್ರಿಸಿ ಕೈಗೆ ಕೊಟ್ಟರೆ ಅವನ ಕೆಲಸ ನೋಡಿಕೊಂಡು ಒತ್ತುವುದಷ್ಟೇ.

ಖಾಲಿ ಚೌಕಕ್ಕೆ ಏನು ಅರ್ಥ ಎಂಬುದನ್ನೂ ಮೊದಲೇ ತೀರ್ಮಾನಿಸಬೇಕು. ಕೆಲವು ತಂತ್ರಾಂಶಗಳು ಖಾಲಿ ಎಂದರೆ 'ಇದ್ದದ್ದು ಇರಲಿ' ಎಂದು ಓದುತ್ತವೆ, ಕೆಲವು ಸೊನ್ನೆ ಬರೆದುಬಿಡುತ್ತವೆ. ಗರಿಷ್ಠ ಗಾಳಿಯ ಜಾಗದಲ್ಲಿ ಸೊನ್ನೆ ಬಿದ್ದರೆ ಕೋಣೆಗೆ ಗಾಳಿಯೇ ಇಲ್ಲ. ಬ್ಯಾಕ್‌ನೆಟ್‌ನಲ್ಲಿ ಇನ್ನೊಂದು ಪದರವಿದೆ. ಒಂದು ಸಾಧನಕ್ಕೆ ಬರುವ ಆಜ್ಞೆಗಳಿಗೆ 16 ಹಂತದ ಆದ್ಯತೆ. ಒಂದನೆಯದು ಪ್ರಾಣರಕ್ಷಣೆಗೆ, ಎಂಟನೆಯದು ಮನುಷ್ಯ ಕೈಯಾರೆ ಕೊಡುವ ಆಜ್ಞೆಗೆ. ವೇಳಾಪಟ್ಟಿಯ ಆಜ್ಞೆಗಳು ಸಾಮಾನ್ಯವಾಗಿ ಅದಕ್ಕಿಂತ ಕೆಳಗೆ ಬರುತ್ತವೆ. ಪರೀಕ್ಷೆಗೆಂದು ಹಾಳೆಯಿಂದ ಎಲ್ಲ ಫ್ಯಾನುಗಳಿಗೂ ಎಂಟನೇ ಹಂತದಲ್ಲಿ 'ನಡೆ' ಎಂದು ಬರೆದು, ಆಮೇಲೆ ಆ ಆಜ್ಞೆಯನ್ನು ಹಿಂತೆಗೆಯದೆ ಮನೆಗೆ ಹೋದರೆ, ರಾತ್ರಿ ಎಂಟಕ್ಕೆ ನಿಲ್ಲು ಎನ್ನುವ ವೇಳಾಪಟ್ಟಿಯ ಮಾತನ್ನು ಅವು ಕೇಳುವುದೇ ಇಲ್ಲ. ತಿಂಗಳುಗಟ್ಟಲೆ ರಾತ್ರಿಯೆಲ್ಲ ತಿರುಗುತ್ತವೆ. 'ನಿಲ್ಲು' ಎಂದು ಬರೆದರೂ ಪರಿಹಾರವಾಗದು, ಆಗ ಬೆಳಿಗ್ಗೆ ಏಳುವುದಿಲ್ಲ. ಆ ಹಂತವನ್ನೇ ತೆರವು ಮಾಡಬೇಕು, ಅದಕ್ಕೆ ಬೇರೆ ಪದವೇ ಇದೆ: ನಲ್.

ಇದೆಲ್ಲ ತಾಂತ್ರಿಕರ ತಲೆನೋವು, ನಮಗೇನು ಎಂದುಕೊಳ್ಳಬೇಡಿ. ಕೇಂದ್ರ ಸರ್ಕಾರ 2020ರ ಜನವರಿ 1ರಿಂದ ಸ್ಟಾರ್ ಗುರುತಿನ ಕೋಣೆ ಎಸಿಗಳೆಲ್ಲ 24 ಡಿಗ್ರಿಯಲ್ಲೇ ಶುರುವಾಗಬೇಕೆಂದು ನಿಯಮ ಮಾಡಿತು. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋದ ಲೆಕ್ಕ. ಮನೆಯ ಎಸಿಯಲ್ಲಿ ಅದು ರಿಮೋಟಿನ ಒಂದು ಗುಂಡಿ. ದೊಡ್ಡ ಕಟ್ಟಡದಲ್ಲಿ ಅದು ಹಾಳೆಯ ಒಂದು ಕಾಲಂ. ಯಾರೋ ಅವಸರದಲ್ಲಿ 24ರ ಬದಲು 21 ತುಂಬಿ ಕಳಿಸಿದ ಹಾಳೆಯ ಬೆಲೆಯನ್ನು ಆ ಕಟ್ಟಡ ವರ್ಷಗಟ್ಟಲೆ ಕರೆಂಟ್ ಬಿಲ್ಲಿನಲ್ಲಿ ಕಟ್ಟುತ್ತದೆ.

ಹಾಳೆ ಕಳಿಸಿದ ಮೇಲೆ 'ಯಶಸ್ವಿಯಾಗಿದೆ' ಎಂದು ಪರದೆಯ ಮೇಲೆ ಬಂದ ಮಾತನ್ನು ನಂಬಿ ಎದ್ದುಹೋಗುವವರನ್ನು ನಾನು ಒಪ್ಪುವುದಿಲ್ಲ. ಒಂದು ಕಂಟ್ರೋಲರ್‌ಗೆ ಆ ಹೊತ್ತಿನಲ್ಲಿ ಕರೆಂಟ್ ಇರಲಿಲ್ಲ, ಇನ್ನೊಂದು ತನ್ನ ಮಿತಿ ಮೀರಿದ ಅಂಕಿಯನ್ನು ತಳ್ಳಿಹಾಕಿತು, ಮತ್ತೊಂದು ಹಳೆಯ ಮಾದರಿ. ಸರಿಯಾದ ಕ್ರಮ ಬೇರೆ. ಮೊದಲು ಒಂದು ಸಾಧನಕ್ಕೆ ಬರೆದು ಕೋಣೆಗೆ ಹೋಗಿ ನೋಡಬೇಕು. ಆಮೇಲೆ ಒಂದು ಮಹಡಿ. ಎಲ್ಲ ಮುಗಿದ ಮೇಲೆ ಪ್ರತಿ ಸಾಧನದಲ್ಲಿ ಈಗ ಏನಿದೆ ಎಂದು ಮರಳಿ ಓದಿ ಇನ್ನೊಂದು ಹಾಳೆ ಮಾಡಿ, ಮೊದಲ ಹಾಳೆಯ ಪಕ್ಕಕ್ಕಿಟ್ಟು ಚೌಕದಿಂದ ಚೌಕಕ್ಕೆ ತಾಳೆ ನೋಡಬೇಕು. ಎರಡೂ ಒಂದಾದ ದಿನವೇ ಕೆಲಸ ಮುಗಿದ ದಿನ.

ಆದರೆ ಕಟ್ಟಡ ಅಲ್ಲಿಗೆ ನಿಲ್ಲುವುದಿಲ್ಲ. ಎರಡು ವರ್ಷದ ಮೇಲೆ ಗೋಡೆ ಒಡೆದು ಒಂದು ಕೋಣೆಯನ್ನು ಎರಡು ಮಾಡುತ್ತಾರೆ. ನಲವತ್ತೊಂದನೆಯ ಪೆಟ್ಟಿಗೆ ಬರುತ್ತದೆ. ಎಂಎಸ್‌ಟಿಪಿ ತಂತಿಯಲ್ಲಿ ಮಾತಾಡುವ ಸರದಿ ಟೋಕನ್ನಿನಂತೆ ಕೈಯಿಂದ ಕೈಗೆ ಹೋಗುತ್ತದೆ. ಎಷ್ಟನೇ ವಿಳಾಸದವರೆಗೆ ಹೊಸಬರನ್ನು ಹುಡುಕಬೇಕು ಎಂಬ ಮಿತಿಯೊಂದಿದೆ, ಮ್ಯಾಕ್ಸ್ ಮಾಸ್ಟರ್ ಎಂದು ಅದರ ಹೆಸರು. ವೇಗ ಹೆಚ್ಚಲೆಂದು ಆ ಮಿತಿಯನ್ನು ಹಿಂದೆ ಹಾಳೆಯಲ್ಲಿ 40 ಎಂದು ಇಟ್ಟಿದ್ದರೆ, 41ನೇ ಪೆಟ್ಟಿಗೆಯನ್ನು ಯಾರೂ ವಿಚಾರಿಸುವುದೇ ಇಲ್ಲ. ದೀಪ ಉರಿಯುತ್ತಿರುತ್ತದೆ, ತಂತಿ ಗಟ್ಟಿಯಾಗಿರುತ್ತದೆ, ಮಾತು ಮಾತ್ರ ಇಲ್ಲ. ಹಾಳೆ ಕೈಯಲ್ಲಿದ್ದವರಿಗೆ ಆ ಕಾಲಂ ನೋಡಿದ ಕೂಡಲೇ ಕಾರಣ ತಿಳಿಯುತ್ತದೆ. ಇಲ್ಲದವರು ಹೊಸ ಕಂಟ್ರೋಲರ್ ಕೊಳ್ಳುತ್ತಾರೆ.

ಬಹುಪಾಲು ಕಟ್ಟಡಗಳಲ್ಲಿ ಹಾಳೆ ಕೈಯಲ್ಲಿರುವುದಿಲ್ಲ ಎನ್ನುವುದೇ ನನ್ನ ಸಂಕಟ. ಅದು ಅಳವಡಿಸಿದ ಗುತ್ತಿಗೆದಾರರ ಎಂಜಿನಿಯರ್‌ನ ಲ್ಯಾಪ್‌ಟಾಪಿನಲ್ಲಿರುತ್ತದೆ. ಅವರು ಕೆಲಸ ಬದಲಿಸಿದ ದಿನ ಅದೂ ಹೋಗುತ್ತದೆ. ನಕ್ಷೆ ಕೊಡುತ್ತಾರೆ, ಕೈಪಿಡಿಗಳ ದಪ್ಪ ಫೈಲು ಕೊಡುತ್ತಾರೆ, ಬೀಗದ ಕೈಗಳನ್ನು ಎಣಿಸಿ ಕೊಡುತ್ತಾರೆ. ಪಹಣಿಯನ್ನು ಮಾತ್ರ ಯಾರೂ ಕೇಳುವುದಿಲ್ಲ, ಅವರೂ ಕೊಡುವುದಿಲ್ಲ.

ನೀವು ಕಟ್ಟಡದ ಮಾಲೀಕರಾಗಿದ್ದರೆ, ಆಸ್ಪತ್ರೆಯ ಆಡಳಿತದಲ್ಲಿದ್ದರೆ, ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯಾಗಿದ್ದರೆ, ಕೊನೆಯ ಕಂತಿನ ಹಣ ಬಿಡುಗಡೆ ಮಾಡುವ ಮೊದಲು ಆ ಹಾಳೆಯನ್ನು ಕೇಳಿ ಪಡೆಯಿರಿ. ಸಾಧನಗಳಿಂದ ಮರಳಿ ಓದಿ ತೆಗೆದ ಹಾಳೆಯೂ ಜೊತೆಗಿರಲಿ, ಎರಡರ ಮೇಲೂ ತಾರೀಖು ಇರಲಿ. ಪಾಸ್‌ವರ್ಡ್‌ಗಳು ಅದರಲ್ಲಿ ಬೇಡ, ಅವನ್ನು ಬೇರೆ ಕಡೆ ಭದ್ರವಾಗಿಡಿ. ಒಂದು ಪ್ರತಿಯನ್ನು ಮುದ್ರಿಸಿ, ಕಟ್ಟಡದ ಮೇಲುಸ್ತುವಾರಿ ಕೋಣೆಯಲ್ಲಿ ಏಣಿ ಇಡುವ ಜಾಗದ ಪಕ್ಕ ತೂಗುಹಾಕಿ.